ಆರ್ಕೇಡ್ ಪೆಟ್ಟಿಗೆಗೆ ಒಂದೇ ಪವರ್ ಬಟನ್: ವೈರಿಂಗ್ ಮಾಡುವ ಕ್ರಮ

ವಿಡಿಯೋ ಗೇಮ್ ಪಾರ್ಲರಿನ ಯಂತ್ರದಂಥ ಆರ್ಕೇಡ್ ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ ಮಾಡಿಸಿ, ಒಳಗೆ ಹಳೆಯ ಕಂಪ್ಯೂಟರೊಂದನ್ನು ಕೂರಿಸಿ, ಜಾಯ್‌ಸ್ಟಿಕ್ಕು ಬಟನ್‌ಗಳನ್ನೆಲ್ಲ ಜೋಡಿಸಿಕೊಂಡವರಿಗೆ ಕಡೆಗೆ ಉಳಿಯುವ ತೊಡಕೆಂದರೆ ಅದನ್ನು ಆನ್ ಮಾಡುವುದು. ಕಂಪ್ಯೂಟರಿನ ಪವರ್ ಬಟನ್ ಹಿಂಬಾಗಿಲ ಒಳಗೆ ಸೇರಿಹೋಗಿರುತ್ತದೆ, ಟಿವಿಗೆ ರಿಮೋಟ್ ಹುಡುಕಬೇಕು, ಆಂಪ್ಲಿಫೈಯರಿಗೆ ಅದರದೇ ಸ್ವಿಚ್ ಇರುತ್ತದೆ, ಮೇಲಿನ ಹೆಸರುಪಟ್ಟಿಯ ದೀಪಕ್ಕೆ ಮತ್ತೊಂದು ಅಡಾಪ್ಟರ್. ಒಂದು ಬಟನ್ ಒತ್ತಿದರೆ ಇವೆಲ್ಲವೂ ಒಟ್ಟಿಗೆ ಆನ್ ಆಗಿ, ಅದನ್ನೇ ಮತ್ತೆ ಒತ್ತಿದರೆ ಕಂಪ್ಯೂಟರ್ ತನ್ನ ಕೆಲಸ ಮುಗಿಸಿಕೊಂಡು ಉಳಿದವನ್ನೂ ತಾನೇ ಆರಿಸುವಂತೆ ವೈರಿಂಗ್ ಮಾಡುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಕೋಲಾರದ ಕಡೆಯ ಮನೆಗಳ ವೈರಿಂಗ್, ಇಲ್ಲಿನ ಕರೆಂಟಿನ ರೀತಿ, ಒಣನೆಲದ ಅರ್ಥಿಂಗ್ ಇವನ್ನು ಗಮನದಲ್ಲಿಟ್ಟುಕೊಂಡೇ ಇದನ್ನು ಬರೆದಿದೆ.

ಎಲ್ಲರಿಗೂ ಮೊದಲು ಹೊಳೆಯುವುದು ಎಕ್ಸ್‌ಟೆನ್ಷನ್ ಬೋರ್ಡ್. ಎಲ್ಲ ಪ್ಲಗ್‌ಗಳನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ, ಆ ಬೋರ್ಡಿಗೆ ಹೋಗುವ ಫೇಸ್ ತಂತಿಯನ್ನು ಪೆಟ್ಟಿಗೆಯ ಪಕ್ಕದಲ್ಲಿ ಕೂರಿಸಿದ ಸ್ವಿಚ್ಚಿನ ಮೂಲಕ ಹಾಯಿಸಿದರೆ ಕೆಲಸ ಮುಗಿಯಿತಲ್ಲ ಎನಿಸುತ್ತದೆ. ಹಳೆಯ ವಿಡಿಯೋ ಗೇಮ್ ಪಾರ್ಲರುಗಳ ಯಂತ್ರಗಳನ್ನು ಹೀಗೆಯೇ ಮೇನ್ಸ್ ಸ್ವಿಚ್ಚಿನಿಂದ ಆನ್ ಮಾಡಿ ಆರಿಸುತ್ತಿದ್ದರು, ಅವಕ್ಕೆ ಅದು ಸರಿಯೂ ಆಗಿತ್ತು. 1980ರ ಪ್ಯಾಕ್‌ಮ್ಯಾನ್ ಯಂತ್ರದಲ್ಲಿ ಆಟವೆಲ್ಲ ಓದಲಷ್ಟೇ ಬರುವ ರೋಮ್ ಚಿಪ್‌ಗಳಲ್ಲಿ ಇತ್ತು. ಹಾರ್ಡ್‌ಡಿಸ್ಕ್ ಇರಲಿಲ್ಲ, ಬರೆದಿಡಬೇಕಾದ ಫೈಲ್ ಇರಲಿಲ್ಲ, ಕರೆಂಟ್ ತೆಗೆದರೆ ಹೈಸ್ಕೋರ್ ಅಳಿಸಿಹೋಗುತ್ತಿತ್ತು, ಅಷ್ಟೇ. ನಮ್ಮ ಪೆಟ್ಟಿಗೆಯಲ್ಲಿರುವುದು ಹಾಗಲ್ಲ. ಒಳಗೆ ವಿಂಡೋಸ್ ಅಥವಾ ಲಿನಕ್ಸ್ ಇದೆ, ಅದು ಸದಾ ಡಿಸ್ಕಿಗೆ ಏನನ್ನಾದರೂ ಬರೆಯುತ್ತಲೇ ಇರುತ್ತದೆ. 1997ರಿಂದ ಬಳಕೆಯಲ್ಲಿರುವ ಮೇಮ್ ಎಮ್ಯುಲೇಟರ್ (ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶ) ಕೂಡ ಹಳೆಯ ಬೋರ್ಡುಗಳ ಬ್ಯಾಟರಿ ಮೆಮೊರಿಯಲ್ಲಿ ಉಳಿಯುತ್ತಿದ್ದ ಅಂಕಗಳನ್ನೂ ಸೆಟ್ಟಿಂಗ್‌ಗಳನ್ನೂ ಆಟದಿಂದ ಹೊರಬರುವಾಗಲೇ ಫೈಲಿಗೆ ಬರೆಯುತ್ತದೆ. ನಡುವೆ ಕರೆಂಟ್ ಕಿತ್ತರೆ ಅಂದಿನ ಆಟದ ಅಂಕ ಹೋಗುತ್ತದೆ. ದುರದೃಷ್ಟವಿದ್ದರೆ ಫೈಲ್ ಸಿಸ್ಟಮ್ಮೂ ಕೆಡುತ್ತದೆ.

ಆದುದರಿಂದ ಒಂದೇ ಸ್ವಿಚ್ ಎಂದರೆ ಮೇನ್ಸ್ ಕಡಿಯುವ ಸ್ವಿಚ್ ಆಗಿರಬಾರದು. ಅದು ಕಂಪ್ಯೂಟರಿಗೆ ಸೂಚನೆ ಕೊಡುವ ಸಣ್ಣ ಬಟನ್ ಆಗಿರಬೇಕು. ಟಿವಿ, ಆಂಪ್ಲಿಫೈಯರ್, ದೀಪಗಳನ್ನು ಹಿಡಿಯುವ ಬಿಡುವ ಕೆಲಸ ಕಂಪ್ಯೂಟರಿನದಾಗಬೇಕು, ಏಕೆಂದರೆ ಯಾವಾಗ ಎಲ್ಲವೂ ಬರೆದು ಮುಗಿಯಿತೆಂಬುದು ಅದಕ್ಕೆ ಮಾತ್ರ ಗೊತ್ತು. ನಮ್ಮ ಸೀಮೆಯಲ್ಲಿ ಬೋರ್‌ವೆಲ್ ಸ್ಟಾರ್ಟರ್ ನೋಡದವರು ಕಡಿಮೆ: ಹಸಿರು ಗುಂಡಿಯನ್ನು ಒತ್ತಿ ಬಿಟ್ಟರೆ ಸಾಕು, ಒಳಗಿನ ಕಾಂಟ್ಯಾಕ್ಟರ್ ಹಿಡಿದುಕೊಳ್ಳುತ್ತದೆ, ಮೋಟಾರಿನ ಕರೆಂಟೆಲ್ಲ ಅದರ ಮೂಲಕ ಹರಿಯುತ್ತದೆಯೇ ಹೊರತು ಬೆರಳ ಕೆಳಗಿನ ಗುಂಡಿಯ ಮೂಲಕವಲ್ಲ. ಇಲ್ಲಿ ಮಾಡಬೇಕಾದುದೂ ಅದನ್ನೇ, ಸಣ್ಣ ಪ್ರಮಾಣದಲ್ಲಿ.

ಕಂಪ್ಯೂಟರಿನ ಒಳಗೆ ಈ ವ್ಯವಸ್ಥೆಯ ಅರ್ಧ ಭಾಗ ಆಗಲೇ ಇದೆ. ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿಗೆ, ಅಂದರೆ ಎಸ್‌ಎಂಪಿಎಸ್‌ಗೆ, 230 ವೋಲ್ಟ್ ಸಿಗುತ್ತಿರುವವರೆಗೆ, ಕಂಪ್ಯೂಟರ್ ಆಫ್ ಆಗಿದ್ದರೂ, 24 ಪಿನ್ನಿನ ದೊಡ್ಡ ಕನೆಕ್ಟರಿನ ನೇರಳೆ ತಂತಿಯಲ್ಲಿ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಇದ್ದೇ ಇರುತ್ತದೆ. ಮದರ್‌ಬೋರ್ಡಿನ ಒಂದು ಪುಟ್ಟ ಭಾಗ ಅದರಿಂದ ಎಚ್ಚರವಾಗಿರುತ್ತದೆ. ಪವರ್ ಬಟನ್ನಿನ ಎರಡು ಪಿನ್‌ಗಳನ್ನು ಕ್ಷಣಕಾಲ ಕೂಡಿಸಿದರೆ ಬೋರ್ಡು ಹಸಿರು ತಂತಿಯನ್ನು ಗ್ರೌಂಡಿಗೆ ಎಳೆಯುತ್ತದೆ, ಆಗ ಎಸ್‌ಎಂಪಿಎಸ್ 12, 5, 3.3 ವೋಲ್ಟ್‌ಗಳನ್ನೆಲ್ಲ ಕೊಡಲಾರಂಭಿಸಿ, ಅವು ಸ್ಥಿರವಾದ ಮೇಲೆ, ಅಂದರೆ 100ರಿಂದ 500 ಮಿಲಿಸೆಕೆಂಡ್ ಒಳಗೆ, ಬೂದುಬಣ್ಣದ ತಂತಿಯಲ್ಲಿ ಎಲ್ಲ ಸರಿಯಿದೆ ಎಂಬ ಸಂಕೇತ ಕಳಿಸುತ್ತದೆ. ಕಂಪ್ಯೂಟರ್ ನಡೆಯುತ್ತಿರುವಾಗ ಅದೇ ಬಟನ್ನನ್ನು ಒತ್ತಿ ಬಿಟ್ಟರೆ ಆಪರೇಟಿಂಗ್ ಸಿಸ್ಟಮ್ಮಿಗೆ ಸುದ್ದಿ ಹೋಗುತ್ತದೆ. ಬಿಡದೆ ನಾಲ್ಕು ಸೆಕೆಂಡಿಗೂ ಹೆಚ್ಚು ಹಿಡಿದರೆ ಯಾರನ್ನೂ ಕೇಳದೆ ಕರೆಂಟ್ ಕಡಿದುಹೋಗುತ್ತದೆ. ಈ ನಾಲ್ಕು ಸೆಕೆಂಡಿನ ನಿಯಮವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬರುವ ಅರ್ಧದಷ್ಟು ತೊಂದರೆಗಳಿಗೆ ಅದೇ ಕಾರಣ.

ಇನ್ನು ಬಟನ್ನಿನ ಆಯ್ಕೆ. ಅದು ಒತ್ತಿ ಬಿಟ್ಟೊಡನೆ ಹಿಂದಕ್ಕೆ ಬರುವ ಜಾತಿಯದೇ ಆಗಿರಬೇಕು. ಒತ್ತಿದರೆ ಒಳಗೇ ಕೂತುಬಿಡುವ ಸ್ವಿಚ್ ಹಾಕಿದರೆ ಕಂಪ್ಯೂಟರ್ ಆನ್ ಆಗಿ ನಾಲ್ಕೈದು ಸೆಕೆಂಡಿಗೆ ಆರಿಹೋಗುತ್ತದೆ. ಆಟದ ಬಟನ್‌ಗಳ ಜೊತೆ ತರಿಸಿದವುಗಳಲ್ಲಿ ಒಂದು ಮಿಕ್ಕಿದ್ದರೆ ಅದೇ ಸಾಕು. ಅದರ ಬೆನ್ನಿಗೆ ಸಿಕ್ಕಿಸಿರುವ ಮೈಕ್ರೊಸ್ವಿಚ್ಚನ್ನು ಕಳಚಿ ಕೈಯಲ್ಲಿ ಹಿಡಿದು ನೋಡಿದರೆ ಸಾಮಾನ್ಯವಾಗಿ ಮೂರು ಹಿತ್ತಾಳೆಯ ಕಾಲುಗಳು ಕಾಣುತ್ತವೆ, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಸಿಓಎಂ, ಎನ್‌ಓ, ಎನ್‌ಸಿ ಎಂದಿರುತ್ತದೆ. ಸಿಓಎಂ ಎರಡಕ್ಕೂ ಸಾಮಾನ್ಯವಾದ ಕಾಲು, ಎನ್‌ಓ ಒತ್ತಿದಾಗ ಮಾತ್ರ ಅದಕ್ಕೆ ಕೂಡುವುದು, ಎನ್‌ಸಿ ಒತ್ತದಿದ್ದಾಗ ಕೂಡಿರುವುದು. ಬೇಕಾದುದು ಸಿಓಎಂ ಮತ್ತು ಎನ್‌ಓ. ಅಕ್ಷರ ಅಳಿಸಿದ್ದರೆ ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ ಕಾಲುಗಳಿಗೆ ಎರಡೆರಡಾಗಿ ಇಟ್ಟು ನೋಡಬೇಕು: ಒತ್ತಿದಾಗ ಮಾತ್ರ ಬೀಪ್ ಬಂದು ಬಿಟ್ಟಾಗ ನಿಲ್ಲುವ ಜೋಡಿ ನಮ್ಮದು. ಚೆಂದ ಬೇಕೆನ್ನುವವರು 16 ಅಥವಾ 19 ಮಿ.ಮೀ. ರಂಧ್ರಕ್ಕೆ ಕೂರುವ, ಸುತ್ತ ಎಲ್‌ಇಡಿ ಬಳೆಯಿರುವ ಸ್ಟೀಲ್ ಬಟನ್ ತರಬಹುದು. ಕೊಳ್ಳುವಾಗ ಆ ಎಲ್‌ಇಡಿ ಎಷ್ಟು ವೋಲ್ಟಿನದೆಂದು ಕೇಳಿ ತಿಳಿದುಕೊಳ್ಳಬೇಕು. 12 ವೋಲ್ಟಿನದನ್ನು ಮದರ್‌ಬೋರ್ಡಿನ ಎಲ್‌ಇಡಿ ಪಿನ್‌ಗಳಿಗೆ ಹಾಕಿದರೆ ಹೊಳೆಯದು ಅಥವಾ ಮಂಕಾಗಿರುತ್ತದೆ. ಅದನ್ನು ಎಸ್‌ಎಂಪಿಎಸ್‌ನ ಹಳದಿ ಮತ್ತು ಕಪ್ಪು ತಂತಿಗೇ ಕೊಡಬೇಕು.

ಬಟನ್ ಕೂರಿಸುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಆಟದ ಪ್ಯಾನೆಲ್ಲಿನ ಮೇಲೆ ಬೇಡ. ಇಬ್ಬರು ಮಕ್ಕಳು ಮೈಮರೆತು ಗುದ್ದುತ್ತಿರುವ ಕಡೆ ಪವರ್ ಬಟನ್ ಇಟ್ಟರೆ ಒಂದಲ್ಲ ಒಂದು ದಿನ ಕೈ ತಾಗುತ್ತದೆ. ಪ್ಯಾನೆಲ್ಲಿನ ಕೆಳಗಡೆ ಮಂಡಿಯ ಎತ್ತರದಲ್ಲಾಗಲಿ, ಹೆಸರುಪಟ್ಟಿಯ ಮೇಲ್ಭಾಗದಲ್ಲಾಗಲಿ ಇಟ್ಟರೆ ಹುಡುಕಿ ಒತ್ತುವವರಿಗೆ ಮಾತ್ರ ಸಿಗುತ್ತದೆ.

ಬಟನ್ನಿನಿಂದ ಮದರ್‌ಬೋರ್ಡಿಗೆ ಹೋಗುವ ತಂತಿಯಲ್ಲಿ ಹರಿಯುವ ಕರೆಂಟ್ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಹೀಗಾಗಿ ದಪ್ಪ ತಂತಿ ಬೇಕಿಲ್ಲ. ಹಳೆಯ ಲ್ಯಾನ್ ಪ್ಯಾಚ್ ಕಾರ್ಡಿನ ಒಂದು ಜೊತೆ ತಂತಿಯನ್ನು ಬಿಚ್ಚಿಕೊಂಡರೆ ಚೆನ್ನಾಗಿ ಒದಗುತ್ತದೆ. ಒಂದಕ್ಕೊಂದು ಹೆಣೆದಿರುವುದರಿಂದ ಹೊರಗಿನ ಗದ್ದಲ ಹಿಡಿಯುವುದಿಲ್ಲ, ಎಳೆಎಳೆಯಾದ ತಾಮ್ರವಾದ್ದರಿಂದ ಬಾಗಿಲ ಕೀಲಿನ ಬಳಿ ಬಾಗಿದರೂ ತುಂಡಾಗುವುದಿಲ್ಲ. ಗೋಡೆಯೊಳಗೆ ಹಾಕುವ ಲ್ಯಾನ್ ಕೇಬಲ್ಲಿನ ಗಟ್ಟಿ ತಂತಿ ನಾಲ್ಕಾರು ಬಾರಿ ಬಾಗಿದರೆ ಮುರಿಯುತ್ತದೆ. ಮೈಕ್ರೊಸ್ವಿಚ್ಚಿನ ಕಡೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ ಏರಿಸಬೇಕು, ಮದರ್‌ಬೋರ್ಡಿನ ಕಡೆ 2.54 ಮಿ.ಮೀ. ಅಂತರದ ಎರಡು ಪಿನ್ನಿನ ಹೆಣ್ಣು ಕನೆಕ್ಟರ್ ಹಾಕಬೇಕು. ಕೆಟ್ಟ ಕಂಪ್ಯೂಟರ್ ಡಬ್ಬಿಯಿಂದ ಕಿತ್ತ ಪವರ್ ಸ್ವಿಚ್ ವೈರು ಸಿಕ್ಕರೆ ಅದರ ಕನೆಕ್ಟರನ್ನೇ ಬಳಸಿಕೊಳ್ಳಬಹುದು. ಪ್ಯಾನೆಲ್ಲನ್ನು ಎಂದಾದರೂ ಬಿಚ್ಚಬೇಕಾಗುವುದರಿಂದ ನಡುವೆ ಒಂದು ಕನೆಕ್ಟರ್ ಇರುವುದು ಒಳ್ಳೆಯದು. ಈ ತಂತಿಯನ್ನು 230 ವೋಲ್ಟಿನ ತಂತಿಗಳ ಜೊತೆ ಒಂದೇ ಟೈಯಲ್ಲಿ ಕಟ್ಟಬಾರದು.

ಮದರ್‌ಬೋರ್ಡಿನಲ್ಲಿ ಪಿನ್ ಹುಡುಕುವುದು ಹೊಸಬರಿಗೆ ಅಳುಕು ಹುಟ್ಟಿಸುವ ಕೆಲಸ, ಆದರೆ ಗುರುತು ಸುಲಭ. ಬೋರ್ಡಿನ ಅಂಚಿನಲ್ಲಿ, ಹೆಚ್ಚಾಗಿ ಕೆಳಗಿನ ಬಲಮೂಲೆಯ ಹತ್ತಿರ, ಎಫ್‌ ಪ್ಯಾನೆಲ್ ಅಥವಾ ಜೆಎಫ್‌ಪಿ1 ಎಂಬಂತಹ ಹೆಸರು ಮುದ್ರಿಸಿರುವ, ಎರಡು ಸಾಲಿನ ಪಿನ್ ಗುಂಪು (ಹೆಡರ್) ಇರುತ್ತದೆ. ಎರಡು ಸಾಲಿಗೆ ಹತ್ತು ಪಿನ್ ಇರಬೇಕಾದಲ್ಲಿ ಒಂಬತ್ತೇ ಇರುತ್ತವೆ, ಒಂದು ಮೂಲೆ ಖಾಲಿ. ಆ ಖಾಲಿ ಮೂಲೆ ಇರುವ ಸಾಲಿನಲ್ಲಿ, ಖಾಲಿ ಜಾಗಕ್ಕೆ ಅಂಟಿಕೊಂಡಿರುವ ಎರಡು ಪಿನ್‌ಗಳು, ಅಂದರೆ 8 ಮತ್ತು 6, ಪವರ್ ಬಟನ್ನಿನವು. ಅದೇ ಸಾಲಿನ ಮುಂದಿನ ಎರಡು, 4 ಮತ್ತು 2, ಪವರ್ ಎಲ್‌ಇಡಿಯವು; ಇವುಗಳಲ್ಲಿ 2 ಪ್ಲಸ್. ಎದುರು ಸಾಲಿನಲ್ಲಿ ಖಾಲಿ ಜಾಗಕ್ಕೆ ನೇರವಾಗಿರುವ 9ನೆಯದು ಒಂಟಿ, ಅದಕ್ಕೆ ಏನನ್ನೂ ಸಿಕ್ಕಿಸಬಾರದು, ಅನೇಕ ಬೋರ್ಡುಗಳಲ್ಲಿ ಅಲ್ಲಿ 5 ವೋಲ್ಟ್ ಇರುತ್ತದೆ. 7 ಮತ್ತು 5 ರಿಸೆಟ್, 3 ಮತ್ತು 1 ಹಾರ್ಡ್‌ಡಿಸ್ಕಿನ ದೀಪ. ಪವರ್ ಬಟನ್ನಿಗೆ ಪ್ಲಸ್ ಮೈನಸ್ ಎಂಬುದಿಲ್ಲ, ಹೇಗೆ ಸಿಕ್ಕಿಸಿದರೂ ನಡೆಯುತ್ತದೆ. ಎಲ್‌ಇಡಿ ಮಾತ್ರ ತಿರುಗಾಮುರುಗಾ ಆದರೆ ಹೊತ್ತುವುದಿಲ್ಲ. ಈ ಜೋಡಣೆ ಬಿಡಿಬಿಡಿಯಾಗಿ ಕೊಳ್ಳುವ ಹೆಚ್ಚಿನ ಬೋರ್ಡುಗಳಲ್ಲಿ ಒಂದೇ ರೀತಿ ಇರುತ್ತದೆಯಾದರೂ, ಸಿಕ್ಕಿಸುವ ಮುನ್ನ ಆ ಬೋರ್ಡಿನ ಕೈಪಿಡಿಯ ಚಿತ್ರದೊಡನೆ ಹೋಲಿಸಿ ನೋಡುವುದು ಕ್ಷೇಮ.

ಕಚೇರಿಗಳಿಂದ ಹೊರಬಂದ ಡೆಲ್, ಎಚ್‌ಪಿ, ಲೆನೊವೊ ಕಂಪ್ಯೂಟರುಗಳು ಕಡಿಮೆ ಬೆಲೆಗೆ ಸಿಗುವುದರಿಂದ ಆರ್ಕೇಡ್ ಪೆಟ್ಟಿಗೆಗಳಲ್ಲಿ ಅವೇ ಹೆಚ್ಚು. ಅವುಗಳ ಪಿನ್ ಜೋಡಣೆ ಅವುಗಳದೇ; ಕೆಲವು ಮಾದರಿಗಳಲ್ಲಿ ಮುಂಭಾಗದ ಕೇಬಲ್ ಕಿತ್ತರೆ ಆನ್ ಮಾಡುವಾಗ ದೂರಿನ ಸಂದೇಶವೂ ಬರುತ್ತದೆ. ಅಂಥಲ್ಲಿ ಹೆಡರಿನ ತಂಟೆಗೆ ಹೋಗದೆ, ಮೂಲ ಬಟನ್ನಿನ ಎರಡು ತಂತಿಗಳನ್ನು ಮೀಟರಿನಿಂದ ಗುರುತಿಸಿ, ನಮ್ಮ ಬಟನ್ನಿನ ತಂತಿಗಳನ್ನು ಅವಕ್ಕೇ ಪ್ಯಾರಲಲ್ ಆಗಿ ಕೂಡಿಸಿದರೆ ಎರಡು ಬಟನ್‌ಗಳೂ ಕೆಲಸ ಮಾಡುತ್ತವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಒಂದೇ ಬೋರ್ಡಿನ ಕಂಪ್ಯೂಟರ್ ಬಳಸುವವರಿಗೆ ಒಂದು ಮಾತು: 4ನೆಯ ಮಾದರಿಯವರೆಗೆ ಅದರಲ್ಲಿ ಪವರ್ ಬಟನ್ನಿಗೆಂದು ಪಿನ್ ಇಲ್ಲ, ಆದರೆ 5 ಮತ್ತು 6ನೆಯ ಪಿನ್‌ಗಳ ನಡುವೆ ಬಟನ್ ಹಾಕಿ, ಸೆಟ್ಟಿಂಗ್ ಫೈಲಿನಲ್ಲಿ ಜಿಪಿಐಓ ಶಟ್‌ಡೌನ್ ಓವರ್‌ಲೇ ಸಾಲನ್ನು ಸೇರಿಸಿದರೆ ಆರಿಸುವುದೂ ಎಬ್ಬಿಸುವುದೂ ಒಂದರಲ್ಲೇ ಆಗುತ್ತದೆ. ಮುಂದೆ ಹೇಳುವ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಿಡಿದು ಬಿಡುವ ಸ್ವಿಚ್) ವಿಧಾನ ಎಸ್‌ಎಂಪಿಎಸ್ ಇರುವ ಕಂಪ್ಯೂಟರಿಗೆ ಸಂಬಂಧಿಸಿದ್ದು, ಪೈಗೆ ಅದು ಹೊಂದುವುದಿಲ್ಲ.

ಬಟನ್ ಒತ್ತಿದಾಗ ಕಂಪ್ಯೂಟರ್ ನಿದ್ದೆಗೆ ಹೋಗದೆ ಪೂರ್ತಿ ಆರಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕೆಂಬಲ್ಲಿ ಶಟ್‌ಡೌನ್ ಎಂದು ಆರಿಸಬೇಕು. ಲಿನಕ್ಸ್‌ನಲ್ಲಿ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಮೊದಲಿನಿಂದಲೇ ಹಾಗೆ ನಡೆದುಕೊಳ್ಳುತ್ತದೆ, ಡೆಸ್ಕ್‌ಟಾಪ್ ಪರಿಸರವೇನಾದರೂ ನಡುವೆ ಬಂದು ಪ್ರಶ್ನೆ ಕೇಳಿದರೆ ಅದರ ಸೆಟ್ಟಿಂಗನ್ನು ಬದಲಾಯಿಸಬೇಕು. ಆಟದಿಂದ ಮೆನುವಿಗೆ ಹೊರಬಂದು ಆಮೇಲೆ ಬಟನ್ ಒತ್ತುವ ಅಭ್ಯಾಸ ಮನೆಯವರಿಗೆಲ್ಲ ಇದ್ದರೆ ಅಂಕಗಳು ಉಳಿಯುತ್ತವೆ.

ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ನೋಡಬೇಕಾದ ಸೆಟ್ಟಿಂಗ್ ಎರಡು. ಕರೆಂಟ್ ಹೋಗಿ ಬಂದಾಗ ಏನಾಗಬೇಕೆಂಬುದು ಮೊದಲನೆಯದು. ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಎಂಬ ಹೆಸರಿನಲ್ಲಿ ಅಥವಾ ಅದಕ್ಕೆ ಹತ್ತಿರದ ಹೆಸರಿನಲ್ಲಿ ಇರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನ ಪಂಥದವರು ಇದನ್ನು ಪವರ್ ಆನ್ ಎಂದಿಟ್ಟು ಗೋಡೆಯ ಸ್ವಿಚ್ಚಿನಿಂದಲೇ ಕಂಪ್ಯೂಟರ್ ಎಬ್ಬಿಸುತ್ತಾರೆ. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು 1902ರಲ್ಲೇ ಕೆಜಿಎಫ್ ಗಣಿಗಳಿಗೆ ವಿದ್ಯುತ್ ತಂದ ಜಿಲ್ಲೆ ನಮ್ಮದಾದರೂ, ಗಾಳಿಮಳೆಯ ರಾತ್ರಿಯಲ್ಲಿ ಕರೆಂಟ್ ನಾಲ್ಕು ಬಾರಿ ಹೋಗಿ ಬರುವುದು ಇಲ್ಲಿ ಹೊಸತಲ್ಲ. ಆ ಸೆಟ್ಟಿಂಗ್ ಹಾಗಿದ್ದರೆ ಬೋರ್‌ವೆಲ್ಲಿನ ಆಟೋ ಸ್ಟಾರ್ಟರಿನಂತೆ ನಮ್ಮ ಪೆಟ್ಟಿಗೆಯೂ ಸರಿರಾತ್ರಿಯಲ್ಲಿ ತಾನೇ ಎದ್ದು ದೀಪ ಹಚ್ಚಿಕೊಂಡು ಸಂಗೀತ ಶುರುಮಾಡುತ್ತದೆ. ಆದ್ದರಿಂದ ಅದನ್ನು ಪವರ್ ಆಫ್ ಎಂದೇ ಇಡಬೇಕು. ಎರಡನೆಯದು ಇಆರ್‌ಪಿ ಎಂಬುದು. ಅದನ್ನು ಎನೇಬಲ್ ಮಾಡಿದರೆ ಕಂಪ್ಯೂಟರ್ ಆರಿದ ಮೇಲೆ ಯುಎಸ್‌ಬಿಗೆ ಹೋಗುವ ಸ್ಟ್ಯಾಂಡ್‌ಬೈ ಕರೆಂಟ್ ನಿಲ್ಲುತ್ತದೆ, ಬಟನ್‌ಗಳ ಒಳಗಿನ ಎಲ್‌ಇಡಿಗಳು ರಾತ್ರಿಯೆಲ್ಲ ಮಿನುಗುವುದು ತಪ್ಪುತ್ತದೆ. ಪವರ್ ಬಟನ್ನಿಗೆ ಇದರಿಂದ ಅಡ್ಡಿಯಿಲ್ಲ.

ಇಷ್ಟಾದರೆ ಕಂಪ್ಯೂಟರ್ ಮಟ್ಟಿಗೆ ಕೆಲಸ ಮುಗಿಯಿತು. ಉಳಿದ ಸಾಮಾನುಗಳಲ್ಲಿ ಎಷ್ಟನ್ನು 230 ವೋಲ್ಟಿನಿಂದ ಬಿಡಿಸಿ 12 ವೋಲ್ಟಿಗೆ ತರಬಹುದೋ ಅಷ್ಟನ್ನೂ ತಂದರೆ ವೈರಿಂಗ್ ಸರಳವಾಗುತ್ತದೆ, ಅಪಾಯವೂ ಕಡಿಮೆ. ಹೆಸರುಪಟ್ಟಿಯ ಹಿಂದೆ ಟ್ಯೂಬ್‌ಲೈಟ್ ಬೇಕಿಲ್ಲ, 12 ವೋಲ್ಟಿನ ಎಲ್‌ಇಡಿ ಪಟ್ಟಿ ಸಾಕು. ಎಸ್‌ಎಂಪಿಎಸ್‌ನ ಹಳದಿ ತಂತಿ ಪ್ಲಸ್, ಕಪ್ಪು ಮೈನಸ್. ಕಂಪ್ಯೂಟರ್ ಎದ್ದಾಗ ಹೊತ್ತಿ, ಆರಿದಾಗ ಆರುತ್ತದೆ, ಅದಕ್ಕೆ ಬೇರೆ ಸ್ವಿಚ್ಚೇ ಬೇಡ. ಮೀಟರಿಗೆ 60 ಎಲ್‌ಇಡಿ ಇರುವ 5050 ಜಾತಿಯ ಪಟ್ಟಿ ಮೀಟರೊಂದಕ್ಕೆ ಸುಮಾರು 1.2 ಆಂಪಿಯರ್ ಎಳೆಯುತ್ತದೆ, ಅಂದರೆ ಹೆಸರುಪಟ್ಟಿಗೆ ಬೇಕಾದ ಒಂದೂವರೆ ಮೀಟರಿಗೆ 2 ಆಂಪಿಯರ್ ಮುಟ್ಟುವುದಿಲ್ಲ. ತಂತಿಯನ್ನು ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನಿಂದ ತೆಗೆದುಕೊಳ್ಳಬೇಕು, ಆದರೆ ಎಸ್‌ಎಂಪಿಎಸ್‌ನ ಸ್ವಂತ ತಂತಿಯನ್ನು ಕತ್ತರಿಸಬಾರದು. ಒಂದು ಮೊಲೆಕ್ಸ್ ಎಕ್ಸ್‌ಟೆನ್ಷನ್ ಕೇಬಲ್ ಕೊಂಡು ಅದನ್ನು ಕತ್ತರಿಸಿಕೊಂಡರಾಯಿತು. ಮೊಲೆಕ್ಸ್ ಇಲ್ಲದ ಕಂಪ್ಯೂಟರಿನಲ್ಲಿ ಸಾಟಾ ಪವರ್ ಕನೆಕ್ಟರಿನಿಂದ ತೆಗೆಯಬಹುದು, ಅದರ 12 ವೋಲ್ಟಿನ ಮಿತಿ 4.5 ಆಂಪಿಯರ್. ಹಳದಿ ತಂತಿಗೆ ಕನೆಕ್ಟರಿನ ಬಳಿಯೇ 3 ಆಂಪಿಯರ್ ಫ್ಯೂಸ್ ಹಾಕುವುದನ್ನು ಮರೆಯಬಾರದು. ಎಸ್‌ಎಂಪಿಎಸ್‌ನ 12 ವೋಲ್ಟಿನ ಸಾಲು ಹತ್ತಾರು ಆಂಪಿಯರ್ ಕೊಡಬಲ್ಲದು. ತೆಳುವಾದ ತಂತಿ ಎಲ್ಲಾದರೂ ಶಾರ್ಟ್ ಆದರೆ ಎಸ್‌ಎಂಪಿಎಸ್‌ಗೆ ಗೊತ್ತಾಗುವ ಮೊದಲೇ ತಂತಿ ಸುಟ್ಟು ಪ್ಲೈವುಡ್ಡಿಗೆ ತಾಗಬಹುದು.

ಆಂಪ್ಲಿಫೈಯರನ್ನೂ ಇದೇ 12 ವೋಲ್ಟಿನಿಂದ ನಡೆಸಬಹುದಾದರೂ ಕಂಪ್ಯೂಟರಿನ ಗ್ರೌಂಡ್ ಆಡಿಯೋ ತಂತಿಯಲ್ಲೂ ಪವರ್ ತಂತಿಯಲ್ಲೂ ಸುತ್ತಿಬಂದು ಸ್ಪೀಕರಿನಲ್ಲಿ ಕೊಯ್ಯನೆಯ ಸದ್ದು ಕೇಳುವುದು ಹೆಚ್ಚು. ನನಗೆ ಆ ಸದ್ದು ಸಹಿಸಲಾಗುವುದಿಲ್ಲ, ಹಾಗಾಗಿ ಆಂಪ್ಲಿಫೈಯರಿಗೆ ಅದರದೇ ಅಡಾಪ್ಟರ್ ಇರಲಿ, ಆ ಅಡಾಪ್ಟರ್ ರಿಲೇಯ ಹಿಂದೆ ಬರಲಿ ಎನ್ನುತ್ತೇನೆ.

ಟಿವಿಯ ವಿಷಯದಲ್ಲಿ ರಿಲೇ ಕೊಳ್ಳುವ ಮುನ್ನವೇ ಒಂದು ಪರೀಕ್ಷೆ ಮಾಡಬೇಕು. ಟಿವಿ ನಡೆಯುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ ನೋಡುವುದು. ಚಿತ್ರ ತಾನಾಗಿ ಬಂದರೆ ರಿಲೇ ಸಾಕು. ಕೆಂಪು ದೀಪ ಹೊತ್ತಿಸಿಕೊಂಡು ರಿಮೋಟಿಗಾಗಿ ಕಾಯುತ್ತ ನಿಂತರೆ, ಆ ಟಿವಿಯ ಮೆನುವಿನಲ್ಲಿ ಕರೆಂಟ್ ಬಂದಾಗ ಆನ್ ಆಗುವ ಆಯ್ಕೆ ಇದೆಯೇ ಎಂದು ಹುಡುಕಬೇಕು. ಇಲ್ಲವಾದರೆ ಈ ಕೆಲಸಕ್ಕೆ ಆ ಟಿವಿ ಒಗ್ಗುವುದಿಲ್ಲ. ಕಂಪ್ಯೂಟರ್ ಮಾನಿಟರುಗಳು ಇದರಲ್ಲಿ ವಾಸಿ: ಸಿಗ್ನಲ್ ನಿಂತರೆ ತಾವೇ ಮಲಗುತ್ತವೆ, ಬಂದರೆ ಏಳುತ್ತವೆ. ಮಾನಿಟರ್ ಇರುವವರು, ಆ ಪುಟ್ಟ ದೀಪ ಮಿನುಗುವುದನ್ನು ಸಹಿಸುವುದಾದರೆ, ಅದನ್ನು ರಿಲೇಗೆ ಸೇರಿಸುವ ಅಗತ್ಯವೇ ಇಲ್ಲ.

ರಿಲೇ ಎಂಥದ್ದಿರಬೇಕು? 12 ವೋಲ್ಟ್ ಡಿಸಿ ಕಾಯಿಲ್ (ಕಾಂಟ್ಯಾಕ್ಟನ್ನು ಎಳೆಯುವ ತಂತಿಸುರುಳಿ) ಇರುವ, 250 ವೋಲ್ಟ್ ಎಸಿಗೆ 10 ಆಂಪಿಯರ್ ತಾಳುವ ಎರಡು ಜೊತೆ ಕಾಂಟ್ಯಾಕ್ಟಿನ, ಎಂಟು ಕಾಲುಗಳ, ಬೇಸಿಗೆ ಸಿಕ್ಕಿಸುವ ರಿಲೇ. ಪ್ಯಾನೆಲ್ ಬೋರ್ಡ್ ಕೆಲಸ ಮಾಡುವವರಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ಬೇಸ್ ಸಮೇತ ಸಿಗುತ್ತದೆ. ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಇಂಥ ರಿಲೇಯ ಕಾಯಿಲ್ 100 ಮಿಲಿಆಂಪಿಯರಿಗಿಂತ ಕಡಿಮೆ ಎಳೆಯುತ್ತದೆ. ಬೇಸಿನ ಕಾಯಿಲ್ ತಿರುಪುಗಳಲ್ಲಿ ಒಂದಕ್ಕೆ ಫ್ಯೂಸ್ ದಾಟಿ ಬಂದ ಹಳದಿ ತಂತಿಯನ್ನೂ ಇನ್ನೊಂದಕ್ಕೆ ಕಪ್ಪು ತಂತಿಯನ್ನೂ ಕೊಟ್ಟು, ಅವೆರಡರ ನಡುವೆ 1ಎನ್4007 ಡಯೋಡನ್ನು, ಅದರ ಬೆಳ್ಳಿಗೆರೆ ಹಳದಿ ತಂತಿಯ ಕಡೆಗೆ ಬರುವಂತೆ, ಅಡ್ಡಲಾಗಿ ಹಾಕಬೇಕು. ಕಾಯಿಲ್ ಬಿಡುವಾಗ ಹುಟ್ಟುವ ಹಿಮ್ಮುಖ ವೋಲ್ಟೇಜನ್ನು ಆ ಡಯೋಡು ನುಂಗಿಕೊಳ್ಳುತ್ತದೆ. ಕೆಲವು ರಿಲೇಗಳಲ್ಲಿ ಅದು ಒಳಗೇ ಇರುತ್ತದೆ, ಆಗ ಕಾಯಿಲ್ಲಿನ ಪ್ಲಸ್ ಮೈನಸ್ ಗುರುತನ್ನು ಪಾಲಿಸಬೇಕು. ಎರಡು ಜೊತೆ ಕಾಂಟ್ಯಾಕ್ಟಿರುವುದನ್ನು ಹೇಳಿದ್ದಕ್ಕೆ ಕಾರಣವಿದೆ. ಹಳೆಯ ಮನೆಗಳ ಸಾಕೆಟ್ಟುಗಳಲ್ಲಿ ಫೇಸ್ ಎಡಕ್ಕೋ ಬಲಕ್ಕೋ ಎಂಬುದನ್ನು ನಂಬಲಾಗದು; ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ರಿಲೇಯೇ ಕಡಿದರೆ ಆ ಚಿಂತೆ ಇರುವುದಿಲ್ಲ. ಅರ್ಥ್ ತಂತಿಯನ್ನು ಮಾತ್ರ ಎಂದಿಗೂ ಕಡಿಯಬಾರದು, ಅದು ನೇರವಾಗಿ ಹಾಯಬೇಕು.

ಬೇರೆ ದಾರಿಗಳನ್ನು ಹೇಳುವವರು ಇದ್ದಾರೆ. ಚಲಿಸುವ ಕಾಂಟ್ಯಾಕ್ಟ್ ಇಲ್ಲದ ಸಾಲಿಡ್ ಸ್ಟೇಟ್ ರಿಲೇ ಸದ್ದಿಲ್ಲದೆ ಕೆಲಸ ಮಾಡುತ್ತದೆ ನಿಜ, ಆದರೆ ಆಫ್ ಇದ್ದಾಗಲೂ ಸ್ವಲ್ಪ ಕರೆಂಟ್ ಸೋರಲು ಬಿಡುತ್ತದೆ, ನಕಲಿ ಮಾಲು ಬಹಳ, ಕೆಟ್ಟಾಗ ಹೆಚ್ಚಾಗಿ ಆನ್ ಸ್ಥಿತಿಯಲ್ಲೇ ಕೆಡುತ್ತದೆ. ಹವ್ಯಾಸಿಗಳ ನೀಲಿ ರಿಲೇ ಬೋರ್ಡುಗಳಲ್ಲಿ 230 ವೋಲ್ಟಿನ ಗೆರೆಗೂ 5 ವೋಲ್ಟಿನ ಗೆರೆಗೂ ನಡುವಿನ ಅಂತರ ಅನೇಕ ವೇಳೆ ಸಾಲದು, ಅವನ್ನು ಮೇನ್ಸಿಗೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಯುಎಸ್‌ಬಿಯ 5 ವೋಲ್ಟಿನಿಂದ ರಿಲೇ ನಡೆಸಿದರೆ, ಸ್ಟ್ಯಾಂಡ್‌ಬೈ ಕರೆಂಟ್ ಇರುವ ಬೋರ್ಡುಗಳಲ್ಲಿ ಅದು ಬಿಡುವುದೇ ಇಲ್ಲ.

230 ವೋಲ್ಟಿನ ಕಡೆಯ ಕೆಲಸವನ್ನು, ಕೈಪಳಗಿದವರಲ್ಲದಿದ್ದರೆ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ತಾವು ಪಕ್ಕದಲ್ಲಿ ನಿಂತು ಏನು ಬೇಕೆಂದು ಹೇಳಿದರೆ ಸಾಕು. ಪೆಟ್ಟಿಗೆಯ ಹಿಂಭಾಗದ ಕೆಳಗಡೆ, ಕಂಪ್ಯೂಟರ್ ಪವರ್ ಕಾರ್ಡು ಸಿಕ್ಕುವಂಥ, ಫ್ಯೂಸ್ ಮತ್ತು ಸ್ವಿಚ್ ಕೂಡಿದ ಇನ್‌ಲೆಟ್ ಸಾಕೆಟ್ ಕೂರಿಸಬೇಕು. ಈ ಸ್ವಿಚ್ ದಿನನಿತ್ಯದ್ದಲ್ಲ, ರಿಪೇರಿಗೆ, ಊರಿಗೆ ಹೋಗುವಾಗ ಆರಿಸುವುದಕ್ಕೆ. ಕಂಪ್ಯೂಟರ್, ಟಿವಿ, ಆಂಪ್ಲಿಫೈಯರ್ ಸೇರಿ 300 ವಾಟ್ ಎಂದಿಟ್ಟುಕೊಂಡರೂ 230 ವೋಲ್ಟಿನಲ್ಲಿ ಅದು 1.3 ಆಂಪಿಯರ್ ಆಯಿತು. ಆನ್ ಆಗುವ ಕ್ಷಣದ ಹೆಚ್ಚುವರಿ ಎಳೆತಕ್ಕೆ ಜಾಗ ಬಿಟ್ಟು, ನಿಧಾನವಾಗಿ ಹೋಗುವ ಜಾತಿಯ 5 ಆಂಪಿಯರ್ ಫ್ಯೂಸ್ ಹಾಕಬಹುದು. ಒಳಗಿನ ತಂತಿಗೆ 1.5 ಚದರ ಮಿ.ಮೀ. ತಾಮ್ರ ಧಾರಾಳ. ಇನ್‌ಲೆಟ್ಟಿನಿಂದ ಬಂದದ್ದು ಎರಡು ಕವಲಾಗುತ್ತದೆ: ಒಂದು ನೇರವಾಗಿ ಕಂಪ್ಯೂಟರಿನ ಸಾಕೆಟ್ಟಿಗೆ, ಇದು ಸದಾ ಜೀವಂತ; ಇನ್ನೊಂದು ರಿಲೇಯ ಕಾಂಟ್ಯಾಕ್ಟ್ ದಾಟಿ ಟಿವಿ ಮತ್ತು ಆಂಪ್ಲಿಫೈಯರಿನ ಸಾಕೆಟ್ಟುಗಳಿಗೆ. ಕಂಪ್ಯೂಟರನ್ನೇ ರಿಲೇಯ ಹಿಂದೆ ಹಾಕಿದರೆ ರಿಲೇಗೆ ಕರೆಂಟ್ ಕೊಡುವವರೇ ಇರುವುದಿಲ್ಲ ಎಂಬುದು ಗಮನದಲ್ಲಿರಲಿ. ರಿಲೇಯನ್ನೂ ಕವಲುಗಳನ್ನೂ ಮುಚ್ಚಳವಿರುವ ಜಂಕ್ಷನ್ ಬಾಕ್ಸಿನೊಳಗೆ ಇಟ್ಟು, 12 ವೋಲ್ಟಿನ ತಂತಿಗಳು ಒಂದು ಕಡೆಯಿಂದ, 230 ವೋಲ್ಟಿನವು ಇನ್ನೊಂದು ಕಡೆಯಿಂದ ಒಳಹೋಗುವಂತೆ ಮಾಡಬೇಕು. ಪೆಟ್ಟಿಗೆಯ ಗಾಳಿಯ ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಯದಿದ್ದರೆ ಇಲಿಗಳು ಈ ಬೆಚ್ಚಗಿನ ಜಾಗವನ್ನು ಬಿಡುವುದಿಲ್ಲ, ಅವಕ್ಕೆ ತಂತಿಯ ಪ್ಲಾಸ್ಟಿಕ್ ಬಲು ಇಷ್ಟ.

ಅರ್ಥಿಂಗ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕಾಗಿದೆ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಡಬ್ಬಿಗೆ ಕೂಡಿರುತ್ತವೆ. ಅರ್ಥ್ ಇಲ್ಲದಿದ್ದರೆ ಆ ಡಬ್ಬಿ ಸುಮಾರು ಅರ್ಧ ಮೇನ್ಸ್ ವೋಲ್ಟೇಜಿಗೆ ಏರಿ ಮುಟ್ಟಿದಾಗ ಜುಮ್ಮೆನ್ನಿಸುತ್ತದೆ. ಅದೇ ಗ್ರೌಂಡ್ ಯುಎಸ್‌ಬಿ ತಂತಿಯ ಮೂಲಕ ಜಾಯ್‌ಸ್ಟಿಕ್ಕಿನ ಲೋಹದ ತಟ್ಟೆಯವರೆಗೂ ಬರಬಹುದು. ಕೋಲಾರದ ಕಲ್ಲುಮಿಶ್ರಿತ ಒಣನೆಲದಲ್ಲಿ ಅರ್ಥ್ ಗುಂಡಿ ಬೇಸಿಗೆಯಲ್ಲಿ ಆರಿಹೋಗಿ ಹೆಸರಿಗೆ ಮಾತ್ರ ಅರ್ಥ್ ಆಗಿ ಉಳಿಯುತ್ತದೆ. ಬೇಸಿಗೆಯುದ್ದಕ್ಕೂ ಆಗಾಗ ಒಂದೆರಡು ಬಿಂದಿಗೆ ನೀರು ಹಾಕುವ ಹಳೆಯ ಪದ್ಧತಿಗೆ ಅರ್ಥವಿದೆ. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230 ತೋರಿಸಿತೆಂದು ನಿಶ್ಚಿಂತರಾಗಬಾರದು, ಕೆಟ್ಟ ಅರ್ಥಿನಲ್ಲೂ ಮೀಟರ್ ಅಷ್ಟು ತೋರಿಸಬಲ್ಲದು. ಎಲೆಕ್ಟ್ರಿಷಿಯನ್ ಬಂದಾಗಲೇ ಅರ್ಥಿನ ರೆಸಿಸ್ಟೆನ್ಸನ್ನು ಸರಿಯಾದ ಉಪಕರಣದಿಂದ ಅಳೆಯಿಸಿ, ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನೂ ಹಾಕಿಸಿಕೊಳ್ಳಬೇಕು. ಲೋಹದ ಪ್ಯಾನೆಲ್, ನಾಣ್ಯದ ಬಾಗಿಲು ಇವಿದ್ದರೆ ಅವಕ್ಕೂ ಹಸಿರು ತಂತಿ ಎಳೆಯಬೇಕು.

ಎಲ್ಲವನ್ನೂ ಜೋಡಿಸಿ ಒಮ್ಮೆಲೇ ಸ್ವಿಚ್ ಹಾಕುವುದು ಬೇಡ. ಮೊದಲು ಕಂಪ್ಯೂಟರನ್ನು ಮೇಜಿನ ಮೇಲಿಟ್ಟುಕೊಂಡು ಬಟನ್ ಮಾತ್ರ ಸಿಕ್ಕಿಸಿ, ಆನ್ ಆಗುವುದನ್ನೂ ಒಂದು ಒತ್ತಿಗೆ ಕ್ರಮವಾಗಿ ಆರುವುದನ್ನೂ ನೋಡಬೇಕು. ಆಮೇಲೆ ಎಲ್‌ಇಡಿ ಪಟ್ಟಿ. ಅದಾದ ಮೇಲೆ ರಿಲೇಯ ಕಾಯಿಲ್ ಮಾತ್ರ ಕೂಡಿಸಿ, ಕಾಂಟ್ಯಾಕ್ಟುಗಳಿಗೆ ಏನೂ ಕೊಡದೆ, ಕಂಪ್ಯೂಟರ್ ಎದ್ದಾಗ ಟಕ್ ಎಂದು ಹಿಡಿಯುವ ಸದ್ದನ್ನೂ ಪೂರ್ತಿ ಆರಿದಾಗ ಬಿಡುವ ಸದ್ದನ್ನೂ ಕೇಳಬೇಕು, ಮೀಟರಿನಿಂದ ಎರಡು ಜೊತೆ ಕಾಂಟ್ಯಾಕ್ಟುಗಳೂ ಕೂಡುತ್ತಿವೆಯೇ ಎಂದು ಪರೀಕ್ಷಿಸಬೇಕು. ಕಡೆಗೆ 230 ವೋಲ್ಟ್, ಮೊದಲ ಹೊರೆಯಾಗಿ ಟಿವಿಯ ಬದಲು ಒಂದು ಟೇಬಲ್ ಲ್ಯಾಂಪ್.

ಕೆಲಸ ಮಾಡದಿದ್ದಾಗ ಹುಡುಕಬೇಕಾದ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಏನೂ ಆಗದಿದ್ದರೆ ಎಸ್‌ಎಂಪಿಎಸ್‌ನ ಬೆನ್ನಿನ ಸಣ್ಣ ಸ್ವಿಚ್ ಆರಿಸಿಟ್ಟಿರುವುದೇ ಕಾರಣವಾಗಿರುವುದುಂಟು. ಅದು ಸರಿಯಿದ್ದರೆ ಹೆಡರಿನ ಪಿನ್‌ಗಳನ್ನು ಮತ್ತೆ ಎಣಿಸಬೇಕು. ಆನ್ ಆಗಿ ನಾಲ್ಕೈದು ಸೆಕೆಂಡಿಗೆ ಆರಿದರೆ ಬಟನ್ ಒತ್ತಿದ ಸ್ಥಿತಿಯಲ್ಲೇ ಇದೆ ಎಂದರ್ಥ: ತಂತಿ ಎನ್‌ಓ ಬದಲು ಎನ್‌ಸಿಗೆ ಹೋಗಿದೆ, ಅಥವಾ ಪ್ಲಾಸ್ಟಿಕ್ ನಟ್ಟನ್ನು ಅತಿಯಾಗಿ ಬಿಗಿದು ಬಟನ್ನಿನ ಕೊಳವೆ ಸೊಟ್ಟಗಾಗಿ ಒಳಗಿನ ಕಡ್ಡಿ ಸಿಕ್ಕಿಕೊಂಡಿದೆ. ತಾನಾಗಿ ಆನ್ ಆಗುತ್ತಿದ್ದರೆ ಬಯೋಸ್‌ನ ಆ ಮೊದಲ ಸೆಟ್ಟಿಂಗನ್ನು, ಆಮೇಲೆ ಕೀಬೋರ್ಡ್ ಮೌಸ್‌ಗಳಿಂದ ಏಳುವ ಸೆಟ್ಟಿಂಗನ್ನು ನೋಡಬೇಕು. ರಿಲೇ ಹಿಡಿಯದಿದ್ದರೆ ಅಥವಾ ಕಟಕಟ ಎಂದು ನಡುಗಿದರೆ ಅದರ ಕಾಯಿಲಿಗೆ 12 ವೋಲ್ಟ್ ಸಿಗುತ್ತಿಲ್ಲ, ಕೆಂಪು ತಂತಿಯ 5 ವೋಲ್ಟಿಗೆ ಕೂಡಿಸಿರಬಹುದು ಅಥವಾ ತಿರುಪು ಸಡಿಲವಿರಬಹುದು. ಕಂಪ್ಯೂಟರ್ ಆರಿದ ಮೇಲೂ ರಿಲೇ ಬಿಡದಿದ್ದರೆ ಕಂಪ್ಯೂಟರ್ ನಿಜವಾಗಿ ಆರಿಲ್ಲ, ಪರದೆ ಮಾತ್ರ ಕಪ್ಪಾಗಿದೆ. ಫ್ಯಾನ್ ತಿರುಗುತ್ತಿದೆಯೇ ನೋಡಿದರೆ ತಿಳಿಯುತ್ತದೆ. ಒಂದೇ ಜೊತೆ ಕಾಂಟ್ಯಾಕ್ಟಿನ ರಿಲೇ ಹಾಕಿದವರ ಪೆಟ್ಟಿಗೆಯಲ್ಲಿ ಎಲ್ಲ ಆರಿದ ಮೇಲೂ ಮೇನ್ಸಿನ ಎಲ್‌ಇಡಿ ಬಲ್ಬೊಂದು ಮಂಕಾಗಿ ಹೊಳೆಯುತ್ತಿದ್ದರೆ, ರಿಲೇ ಫೇಸ್ ಬದಲು ನ್ಯೂಟ್ರಲ್ ಕಡಿಯುತ್ತಿರುವ ಸಂಶಯ ಬಲವಾಗಿದೆ. ಆಗ ಮೊದಲು ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಟೆಸ್ಟರಿನಿಂದ ಗೋಡೆಯ ಸಾಕೆಟ್ಟಿನಲ್ಲಿ ಫೇಸ್ ಯಾವ ರಂಧ್ರದಲ್ಲಿದೆ ಎಂದು ನೋಡಿ, ಅದು ಬಲಗಡೆ ಇಲ್ಲದಿದ್ದರೆ ಪೆಟ್ಟಿಗೆಯನ್ನು ಮುಟ್ಟದೆ ಸಾಕೆಟ್ಟನ್ನೇ ಸರಿ ಮಾಡಿಸಬೇಕು.